ಅಂಬಾಸಡರ್ ಬಾಗಿಲು, ತದಡಿಯ ಮಳೆ: ಕೆಲವು ತಪ್ಪು ಕಲ್ಪನೆಗಳು

ತದಡಿಯ ಧಕ್ಕೆಯ ಮೇಲೆ ನಿಂತರೆ ಎದುರು ದಡದಲ್ಲಿ ಅಘನಾಶಿನಿ ಊರು, ನಡುವೆ ಅದೇ ಹೆಸರಿನ ಹೊಳೆ, ಬಲಕ್ಕೆ ಅಳಿವೆ, ಅದರಾಚೆ ಸಮುದ್ರ. ಮಳೆಗಾಲದಲ್ಲಿ ಆ ಅಳಿವೆಯ ಕಡೆಯಿಂದ ಬೀಸುವ ಗಾಳಿ ಕಿಟಕಿಯ ಸರಳು, ಬಾವಿಯ ರಾಟೆ, ಸೈಕಲ್ಲಿನ ಚೈನು ಯಾವುದನ್ನೂ ಬಿಡುವುದಿಲ್ಲ. ನಮ್ಮ ಮನೆಯ ಅಂಬಾಸಡರನ್ನೂ ಬಿಟ್ಟಿಲ್ಲ.

ಅದು 1992ರ ನೋವಾ ಮಾದರಿ. ಅಪ್ಪ ಅದನ್ನು ಕೊಂಡ ಮೇಲೆ ಕುಮಟೆಯ ಆಸ್ಪತ್ರೆಗೆ, ಗೋಕರ್ಣದ ಶಿವರಾತ್ರಿ ತೇರಿಗೆ, ಕೇರಿಯವರ ಮದುವೆ ದಿಬ್ಬಣಕ್ಕೆ ಅದೇ ಓಡಿತು. ಈಗ ತಿಂಗಳಿಗೆ ನಾಲ್ಕೈದು ಸಲ ಹೊರಗೆ ಬರುತ್ತದೆ. ಹಳೆ ಕಾರು ಇಟ್ಟುಕೊಂಡವರು ಸೇರಿದರೆ ಮಾತೆಲ್ಲ ಎಂಜಿನ್, ಕಾರ್ಬುರೇಟರ್, ಗೇರಿನ ಸುತ್ತಲೇ ಸುತ್ತುತ್ತದೆ. ನನ್ನ ಅನುಭವ ಬೇರೆ. ಎಂಜಿನ್ನಿಗೆ ಇವತ್ತಿಗೂ ಮಿಸ್ತ್ರಿ ಸಿಗುತ್ತಾನೆ, ಬಿಡಿಭಾಗ ಸಿಗುತ್ತದೆ. ಕರಾವಳಿಯಲ್ಲಿ ಹಳೆ ಕಾರುಗಳು ಗುಜರಿಗೆ ಹೋಗುವುದು ಬಾಗಿಲಿನ ಬುಡದ ನಾಲ್ಕು ಬೆರಳಗಲದ ತಗಡು ಕೊಳೆತು ಹೋಗುವುದರಿಂದ. ಆ ತಗಡನ್ನು ಉಳಿಸುವುದೋ ಕೊಲ್ಲುವುದೋ ಅದರ ಸುತ್ತಲಿನ ರಬ್ಬರು, ಬಾಗಿಲಿನ ಒಳಮೈ ಮುಚ್ಚುವ ಪ್ಯಾಡು, ಪ್ಯಾಡನ್ನು ಹಿಡಿದ ಪುಟ್ಟ ಕ್ಲಿಪ್ಪುಗಳು. ಇವುಗಳ ವಿಷಯದಲ್ಲಿ ಗ್ಯಾರೇಜಿನಲ್ಲೂ ಮನೆಯಲ್ಲೂ ನಡೆದುಬಂದ ಹಲವು ನಂಬಿಕೆಗಳು ಕಾರಿಗೆ ಕೆಡುಕನ್ನೇ ಮಾಡುತ್ತವೆ. ಹತ್ತಾರು ಮಳೆಗಾಲ ಕಂಡು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ತಪ್ಪು ಕಲ್ಪನೆ: ಕಾರಿನೊಳಗೆ ನೀರು ಬಂತೆಂದರೆ ಡೋರ್ ರಬ್ಬರ್ ಹೋಗಿದೆ ಎಂದೇ ಅರ್ಥ

ಜೂನ್ ಬಂದೊಡನೆ ಗ್ಯಾರೇಜಿನಲ್ಲಿ ಕೇಳುವ ಮೊದಲ ಮಾತು ಇದು; ಡೋರ್ ರಬ್ಬರಿಗೆ ಅಲ್ಲಿ ಬೀಡಿಂಗ್ ಎಂದು ಹೆಸರು. "ಮಾಸ್ತರೇ, ಬೀಡಿಂಗ್ ಹೋಗಿದೆ, ನಾಲ್ಕೂ ಬಾಗಿಲಿಗೆ ಹೊಸದು ಹಾಕಿಬಿಡುವ." ಹಾಕಿಸುತ್ತೇವೆ. ಮುಂದಿನ ಮಳೆಗೆ ಕಾಲಡಿಯ ಮ್ಯಾಟು ಮತ್ತೆ ಒದ್ದೆ.

ಬಾಗಿಲು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ಇದು ಯಾಕೆಂದು ಗೊತ್ತಾಗುತ್ತದೆ. ಕಿಟಕಿಯ ಗಾಜು ಬಾಗಿಲಿನ ಹೊಟ್ಟೆಯೊಳಗಿಂದ ಮೇಲೇರುತ್ತದೆ. ಗಾಜಿಗೂ ತಗಡಿಗೂ ನಡುವೆ ಒರೆಸುವ ಒಂದು ಪಟ್ಟಿ ಇರುತ್ತದೆ, ಅಷ್ಟೇ. ಅದನ್ನು ಪೂರ್ತಿ ಬಿಗಿ ಮಾಡಿದರೆ ಗಾಜು ಅಲುಗಾಡುವುದೇ ಇಲ್ಲ. ಹಾಗಾಗಿ ಪ್ರತಿ ಮಳೆಯಲ್ಲೂ ಗಾಜಿನ ಮೇಲಿಂದ ಇಳಿದ ನೀರಿನಲ್ಲಿ ಒಂದು ಪಾಲು ಬಾಗಿಲಿನ ಹೊಟ್ಟೆಗೆ ಇಳಿದೇ ಇಳಿಯುತ್ತದೆ. ಹೊಸ ಕಾರಿನಲ್ಲೂ ಹೀಗೆಯೇ. ಕಾರು ಮಾಡಿದವರು ಇದನ್ನು ಬಲ್ಲವರು. ಅದಕ್ಕೇ ಬಾಗಿಲಿನ ತಳದಲ್ಲಿ ಸಣ್ಣ ಸಣ್ಣ ಕಂಡಿಗಳನ್ನು ಬಿಟ್ಟಿರುತ್ತಾರೆ. ಒಳಗೆ ಬಂದ ನೀರು ಗಾಜಿನ ಗುಂಟ ಇಳಿದು, ತಳ ಸೇರಿ, ಆ ಕಂಡಿಗಳಿಂದ ಹೊರಗೆ ಹೋಗಬೇಕು. ನಮ್ಮ ಹಂಚಿನ ಮಾಡೂ ಇದೇ ಲೆಕ್ಕದ್ದು. ಹಂಚಿಗೆ ಹಂಚು ಯಾರೂ ಅಂಟಿಸುವುದಿಲ್ಲ. ನೀರು ಒಂದರ ಮೇಲಿಂದ ಇನ್ನೊಂದರ ಮೇಲೆ ಜಾರಿ ಹೋಗುವಂತೆ ಹೊದಿಸುತ್ತೇವೆ.

ಬಾಗಿಲಿನ ಒಳಮೈಯ ತಗಡಿನಲ್ಲಿ ಗಾಜು ಏರಿಸುವ ಯಂತ್ರಕ್ಕಾಗಿ ದೊಡ್ಡ ತೂತುಗಳಿವೆ. ಆ ತೂತುಗಳ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ, ಹಳೆಯ ಕಾಲದಲ್ಲಾದರೆ ಡಾಂಬರು ಹಚ್ಚಿದ ಕಾಗದ, ಅಂಟಿಸಿರುತ್ತಾರೆ. ಹೊಟ್ಟೆಯೊಳಗಿನ ನೀರು ಕಾರಿನ ಕಡೆಗೆ ಸಿಡಿಯದಂತೆ ತಡೆಯುವುದು ಅದರ ಕೆಲಸ. ಹಾಳೆಯ ಕೆಳಗಿನ ಅಂಚು ತಗಡಿನ ಕಂಡಿಯೊಳಕ್ಕೆ ಮಡಚಿಕೊಂಡಿರಬೇಕು; ಆಗ ಹಾಳೆಗೆ ತಾಗಿದ ಹನಿ ಮತ್ತೆ ಬಾಗಿಲಿನೊಳಕ್ಕೇ ಬೀಳುತ್ತದೆ. ಗಾಜಿನ ಹ್ಯಾಂಡಲ್ ಕೆಟ್ಟಿತೆಂದು ಪ್ಯಾಡು ಬಿಚ್ಚಿದ ಯಾರೋ ಈ ಹಾಳೆಯನ್ನು ಹರಿದು ಎಸೆದಿರುತ್ತಾರೆ. ಅದು ಬೇಕಿಲ್ಲದ ಪ್ಯಾಕಿಂಗ್ ಎಂದು ಅವರು ತಿಳಿದಿರುತ್ತಾರೆ. ಅಲ್ಲಿಂದಾಚೆಗೆ ಪ್ರತಿ ಮಳೆಯಲ್ಲೂ ಪ್ಯಾಡಿನ ಹಿಂಬದಿ ನೆನೆಯುತ್ತದೆ, ಅದರ ಹಾರ್ಡ್‌ಬೋರ್ಡು ನೆನೆದ ಹಪ್ಪಳದಂತೆ ಸೊಟ್ಟಗಾಗುತ್ತದೆ, ನೀರು ಕೆಳಗಿಳಿದು ಮ್ಯಾಟಿನಡಿ ಸೇರುತ್ತದೆ. ನಾವು ರಬ್ಬರನ್ನು ಬೈಯುತ್ತೇವೆ.

ಹಾಗಾದರೆ ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಹೇಗೆ? ಮ್ಯಾಟುಗಳನ್ನು ತೆಗೆದು ನೆಲಕ್ಕೆ ಹಳೆ ಪತ್ರಿಕೆ ಹಾಸಿ. ಒಬ್ಬರು ಟಾರ್ಚು ಹಿಡಿದು ಒಳಗೆ ಕೂರಬೇಕು, ಇನ್ನೊಬ್ಬರು ಹೊರಗಿಂದ ಪೈಪಿನಲ್ಲಿ ನೀರು ಬಿಡಬೇಕು. ನೀರು ಸಾವಕಾಶ ಹರಿಯಲಿ. ಮುಖ್ಯ ಮಾತೆಂದರೆ ಕೆಳಗಿನಿಂದ ಶುರು ಮಾಡಬೇಕು: ಮೊದಲು ಬಾಗಿಲಿನ ಬುಡ, ಐದು ನಿಮಿಷ ಬಿಟ್ಟು ಗಾಜಿನ ಬುಡ, ಆಮೇಲೆ ಮೇಲಂಚು, ಕೊನೆಗೆ ಮುಂದಿನ ಗಾಜಿನ ರಬ್ಬರು. ಮೇಲಿನಿಂದ ಶುರು ಮಾಡಿದರೆ ಎಲ್ಲವೂ ಒಟ್ಟಿಗೆ ಒದ್ದೆಯಾಗಿ ಏನೂ ತಿಳಿಯುವುದಿಲ್ಲ. ನಮ್ಮ ಕಾರಿನಲ್ಲಿ ಮೂರು ವರ್ಷ ಡೋರ್ ರಬ್ಬರಿನ ಮೇಲೆ ಹೊರಿಸಿದ ಅಪವಾದ ಕೊನೆಗೆ ಮುಂದಿನ ಗಾಜಿನ ಕೆಳಮೂಲೆಯದ್ದೆಂದು ತಿಳಿದದ್ದು ಹೀಗೆಯೇ.

ತಪ್ಪು ಕಲ್ಪನೆ: ಬಾಗಿಲಿನ ಅಡಿಯ ತೂತು ಮುಚ್ಚಿದರೆ ಕೆಳಗಿನಿಂದ ನೀರು, ಧೂಳು ಬರುವುದಿಲ್ಲ

ಇದಕ್ಕಿಂತ ಕೆಟ್ಟ ಕೆಲಸ ಇನ್ನೊಂದಿಲ್ಲ. ಒಮ್ಮೆ ಪೇಂಟಿಗೆ ಬಿಟ್ಟ ಕಾರು ಮನೆಗೆ ಬಂದಾಗ ಚಂದ ಹೊಳೆಯುತ್ತಿತ್ತು. ತಳದ ಕಂಡಿಗಳಿಗೆ ಪುಟ್ಟಿ ತುಂಬಿದ್ದು ನನಗೆ ತಿಳಿದದ್ದು ಆಗಸ್ಟಿನಲ್ಲಿ, ಬಾಗಿಲು ತೆರೆದಾಗ ಒಳಗೆ ಕೊಡದಲ್ಲಿ ನೀರು ಅಲುಗಿದಂತೆ ಸದ್ದು ಬಂದಾಗ. ಉಳಿಯಿಂದ ಪುಟ್ಟಿ ಬಿಡಿಸಿದರೆ ತುಕ್ಕಿನ ಬಣ್ಣದ ನೀರು ಸುರಿಯಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆ ಬಾಗಿಲಿನ ಬುಡಕ್ಕೆ ಹೊಸ ತಗಡು ಬೆಸೆಯಬೇಕಾಯಿತು.

ಉಬ್ಬರದ ಉಪ್ಪುನೀರು ಹತ್ತುವ ಗಜನಿ ಗದ್ದೆಯ ಬದುವಿನಲ್ಲಿ ಹಲಗೆ ಬಾಗಿಲು ಇಟ್ಟು ಹೊಳೆಯ ಇಳಿತಕ್ಕೆ ನೀರು ಹೊರಬಿಡುವ ಊರಿನವರು ನಾವು. ನೀರಿಗೆ ಹೊರದಾರಿ ಕಟ್ಟಿಬಿಟ್ಟರೆ ಬದುವೇ ಒಡೆಯುತ್ತದೆ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಿಡಿಕಡ್ಡಿಯನ್ನೋ ತೆಳ್ಳಗಿನ ಬಿದಿರು ಕಡ್ಡಿಯನ್ನೋ ಆ ಕಂಡಿಗಳಲ್ಲಿ ಆಡಿಸಬೇಕು. ತಂತಿ ಬೇಡ, ಅದು ಬಣ್ಣ ಕೆರೆಯುತ್ತದೆ. ಆಮೇಲೆ ಗಾಜಿನ ಬುಡಕ್ಕೆ ಒಂದು ತಂಬಿಗೆ ಸಿಹಿನೀರು ಹೊಯ್ಯಬೇಕು. ಕೆಳಗಿನಿಂದ ಹನಿಹನಿಯಾಗಿ ಹೊರಬಂದರೆ ದಾರಿ ತೆರೆದಿದೆ.

ತಪ್ಪು ಕಲ್ಪನೆ: ರಬ್ಬರು ದಪ್ಪ ಇದ್ದಷ್ಟೂ ಒಳ್ಳೆಯದು

ಅಂಗಡಿಯಲ್ಲಿ ಎರಡು ತುಂಡು ತೋರಿಸಿದರೆ ಯಾರ ಕೈಯೂ ದಪ್ಪದ್ದರ ಕಡೆಗೇ ಹೋಗುತ್ತದೆ. ಅದನ್ನು ಹಾಕಿದ ಮೇಲೆ ಬಾಗಿಲು ಮುಚ್ಚಲು ಭುಜ ಕೊಡಬೇಕಾಗುತ್ತದೆ. ದಿನಾ ಹಾಗೆ ಬಡಿದು ಮುಚ್ಚಿದರೆ ಲಾಕಿನ ಹಲ್ಲು ಸವೆಯುತ್ತದೆ, ಹಿಂಜಿನ ಪಿನ್ನು ಸಡಿಲಾಗುತ್ತದೆ. ಇನ್ನೂ ಒಂದು ತೊಂದರೆ ಇದೆ. ಹಿಂಜಿನ ಬದಿಯಲ್ಲಿ ದಪ್ಪ ರಬ್ಬರು ಬಾಗಿಲನ್ನು ಹೊರಕ್ಕೆ ತಳ್ಳುವುದರಿಂದ ಲಾಕಿನ ಮೇಲ್ಮೂಲೆಯಲ್ಲಿ ಸಂದು ಬೀಳುತ್ತದೆ. ಮಳೆ ತಡೆಯಲೆಂದು ಹಾಕಿದ ರಬ್ಬರೇ ಮಳೆಗೆ ಬಾಗಿಲು ತೆರೆದಂತಾಯಿತು.

ಡೋರ್ ರಬ್ಬರು ಸ್ಪಂಜಿನಂಥದ್ದು, ಒಳಗೆ ಟೊಳ್ಳು. ಬಾಗಿಲು ಮುಚ್ಚಿದಾಗ ಅದು ತನ್ನ ದಪ್ಪದ ಮೂರನೇ ಒಂದು ಭಾಗದಷ್ಟು ಅದುಮಿಕೊಂಡರೆ ಸಾಕು. ಅದಕ್ಕಿಂತ ಕಡಿಮೆಯಾದರೆ ನೀರು ನುಸುಳುತ್ತದೆ. ತೀರಾ ಹೆಚ್ಚಾದರೆ ಕೆಲವೇ ವರ್ಷದಲ್ಲಿ ಚಪ್ಪಟೆಯಾಗಿ ಮತ್ತೆ ಏಳುವುದೇ ಇಲ್ಲ. ಆದ್ದರಿಂದ ಕೊಳ್ಳುವ ಮೊದಲು ಬಾಗಿಲಿಗೂ ಚೌಕಟ್ಟಿಗೂ ನಡುವೆ ಸಂದು ಎಷ್ಟಿದೆ ಎಂದು ಅಳೆಯಬೇಕು. ಇದಕ್ಕೆ ದುಬಾರಿ ಉಪಕರಣ ಬೇಡ. ಹಳೆ ರಬ್ಬರು ಕಿತ್ತ ಮೇಲೆ ಗಟ್ಟಿಯಾಗಿ ಕಲಸಿದ ಮೈದಾ ಹಿಟ್ಟಿನ ಉಂಡೆಗಳನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೌಕಟ್ಟಿನ ಸುತ್ತ ಎಂಟು ಹತ್ತು ಕಡೆ ಇಟ್ಟು, ಬಾಗಿಲನ್ನು ಮೆಲ್ಲಗೆ ಮುಚ್ಚಿ ತೆರೆಯಿರಿ. ಚಪ್ಪಟೆಯಾದ ಹಿಟ್ಟಿನ ದಪ್ಪವೇ ಅಲ್ಲಿನ ಸಂದು. ಒಂದು ಕಡೆ ಆರು ಮಿಲಿಮೀಟರ್, ಇನ್ನೊಂದು ಕಡೆ ಹದಿನಾಲ್ಕು ಬಂದರೆ ದೋಷ ಬಾಗಿಲು ಕುಳಿತ ರೀತಿಯಲ್ಲಿದೆ, ಅದನ್ನು ಯಾವ ರಬ್ಬರೂ ತುಂಬಿಕೊಡುವುದಿಲ್ಲ.

ಅಂಬಾಸಡರ್ ಬಾಗಿಲಿನ ಭಾರ ಎತ್ತಿದವರಿಗೇ ಗೊತ್ತು. ವರ್ಷಗಳ ಭಾರಕ್ಕೆ ಹಿಂಜು ಸವೆದು ಬಾಗಿಲು ಲಾಕಿನ ಕಡೆ ಜೋತುಬೀಳುತ್ತದೆ. ಬಾಗಿಲು ತೆರೆದಿಟ್ಟು ಅದರ ತುದಿ ಹಿಡಿದು ಮೇಲಕ್ಕೆತ್ತಿ ನೋಡಿ. ಹಿಂಜಿನ ಬಳಿ ಟಕ್ ಎಂದು ಆಡಿದರೆ ಮೊದಲು ಪಿನ್ನು, ಬುಷ್ಷು ಬದಲಿಸಿ, ಬಾಗಿಲನ್ನು ಸರಿಯಾಗಿ ಕೂರಿಸಿ. ರಬ್ಬರಿನ ಸರದಿ ಆಮೇಲೆ. ಈ ಕ್ರಮ ತಪ್ಪಿಸಿ ಹಣ ಕಳೆದುಕೊಂಡವರನ್ನು ನಾನು ಬಹಳ ಕಂಡಿದ್ದೇನೆ.

ಹೊಸ ರಬ್ಬರು ಕೂತ ಮೇಲೆ ಪರೀಕ್ಷಿಸಲು ಒಂದು ಸೀಮೆಸುಣ್ಣದ ತುಂಡು ಸಾಕು. ರಬ್ಬರಿನ ಮೇಲೆ ಸುತ್ತಲೂ ಉಜ್ಜಿ, ಬಾಗಿಲು ಮುಚ್ಚಿ ತೆರೆದರೆ ತಗಡಿನ ಮೇಲೆ ಬಿಳಿ ಗೆರೆ ಬೀಳಬೇಕು. ಗೆರೆ ಎಲ್ಲಿ ಕಡಿದಿದೆಯೋ ಅಲ್ಲಿ ರಬ್ಬರು ತಾಗುತ್ತಿಲ್ಲ.

ತಪ್ಪು ಕಲ್ಪನೆ: ಹಳೆ ಸ್ಟಾಕಿನ ಕಂಪನಿ ಮಾಲು ಸಿಕ್ಕರೆ ಅದೇ ಶ್ರೇಷ್ಠ

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಹಿಂದುಸ್ತಾನ್ ಮೋಟರ್ಸ್ ಅಂಬಾಸಡರ್ ತಯಾರಿಸುವುದನ್ನು ನಿಲ್ಲಿಸಿದ್ದು 2014ರ ಮೇ ತಿಂಗಳಲ್ಲಿ. ಆ ಕಾಲದ ಇನ್ನೊಂದು ಕಾರು ಪ್ರೀಮಿಯರ್ ಪದ್ಮಿನಿ ಅದಕ್ಕೂ ಹತ್ತು ವರ್ಷಕ್ಕಿಂತ ಹೆಚ್ಚು ಮೊದಲೇ ನಿಂತಿತ್ತು. ಇಂದು ಅಂಗಡಿಯ ಅಟ್ಟದಿಂದ ಇಳಿಸಿದ, ಕಂಪನಿಯ ಚೀಟಿ ಅಂಟಿದ ರಬ್ಬರಿಗೆ ಎಷ್ಟು ವಯಸ್ಸಾಗಿದೆ ಎಂದು ಲೆಕ್ಕ ಹಾಕಿ. ಎಂಜಿನ್ನಿನ ಹಲ್ಲುಚಕ್ರ ಇಪ್ಪತ್ತು ವರ್ಷ ಎಣ್ಣೆ ಕಾಗದದಲ್ಲಿದ್ದರೂ ಹಾಗೇ ಇರುತ್ತದೆ. ರಬ್ಬರು ಹಾಗಲ್ಲ. ಬಳಸದೆ ಇಟ್ಟರೂ ಗಾಳಿಯಲ್ಲಿನ ಆಮ್ಲಜನಕ, ಓಝೋನ್ ಅದನ್ನು ತಿನ್ನುತ್ತಲೇ ಇರುತ್ತವೆ. ಅದನ್ನು ಮೆತ್ತಗಿಡುವ ಎಣ್ಣೆಯಂಥ ಅಂಶ ಆರುತ್ತಾ ಹೋಗುತ್ತದೆ. ಬೆರಳಿಗೆ ಸುತ್ತಿ ನೋಡಿ, ಹೊರಮೈಯಲ್ಲಿ ಕೂದಲೆಳೆಯ ಬಿರುಕು ಕಂಡರೆ ಚೀಟಿ ಯಾವ ಕಂಪನಿಯದ್ದಾದರೂ ಬಿಟ್ಟುಬಿಡಿ.

ಈಗ ಮೀಟರ್ ಲೆಕ್ಕದಲ್ಲಿ ಸಿಗುವ ಇಪಿಡಿಎಂ ಎಂಬ ಸಂಶ್ಲೇಷಿತ ರಬ್ಬರು ಬಿಸಿಲು, ಓಝೋನ್, ನೀರು ಮೂರನ್ನೂ ಹಳೆಯ ನೈಸರ್ಗಿಕ ರಬ್ಬರಿಗಿಂತ ಎಷ್ಟೋ ಚೆನ್ನಾಗಿ ತಡೆದುಕೊಳ್ಳುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಗೋ ಹುಬ್ಬಳ್ಳಿಗೋ ಹೋಗುವಾಗ ಹಳೆ ರಬ್ಬರಿನ ಒಂದು ಬೆರಳುದ್ದದ ತುಂಡನ್ನು ಬ್ಲೇಡಿನಿಂದ ನೇರ ಕತ್ತರಿಸಿ ಜೇಬಿಗೆ ಹಾಕಿಕೊಳ್ಳಿ. ಎಲ್ಲಿ ಅದು ಕಡಿಮೆ ಚಪ್ಪಟೆಯಾಗಿದೆಯೋ ಅಲ್ಲಿಂದ ಕತ್ತರಿಸಿದರೆ ಉತ್ತಮ. ಮಾದರಿಯ ಹೆಸರು ಹೇಳಿ ಕೇಳುವುದಕ್ಕಿಂತ ಕತ್ತರಿಸಿದ ಮುಖವನ್ನು ತೋರಿಸಿ ಕೇಳಿದರೆ ಅಂಗಡಿಯವರು ಸರಿಯಾದದ್ದನ್ನೇ ತೆಗೆದುಕೊಡುತ್ತಾರೆ.

ತಪ್ಪು ಕಲ್ಪನೆ: ಎಳೆದು ಬಿಗಿಯಾಗಿ ಕೂರಿಸಿ, ತುಂಬಾ ಅಂಟು ಹಾಕಬೇಕು

ರಬ್ಬರನ್ನು ಎಳೆದು ಅಂಟಿಸಿದರೆ ಅದು ತಿಂಗಳೊಪ್ಪತ್ತಿನಲ್ಲಿ ತನ್ನ ಮೊದಲಿನ ಉದ್ದಕ್ಕೆ ಮರಳುತ್ತದೆ. ಆಗ ಜೋಡಿಸಿದ ಜಾಗದಲ್ಲಿ ಸಂದು ಬಿಡುತ್ತದೆ, ಮೂಲೆಗಳಲ್ಲಿ ರಬ್ಬರು ಚೌಕಟ್ಟು ಬಿಟ್ಟು ಅಡ್ಡ ಹಾಯುತ್ತದೆ. ಎಳೆಯದೆ, ಸ್ವಲ್ಪ ಒಳಕ್ಕೆ ತಳ್ಳುತ್ತಾ ಕೂರಿಸಬೇಕು. ಎರಡೂ ತುದಿ ಸೇರುವ ಜೋಡು ಬಾಗಿಲಿನ ಬುಡದ ನಡುವೆ ಬರಲಿ. ಮೇಲಂಚಿನಲ್ಲಿ ಬಂದರೆ ಪ್ರತಿ ಹನಿಯೂ ಅಲ್ಲಿಗೇ ಇಳಿಯುತ್ತದೆ. ಬೇಕಾದ್ದಕ್ಕಿಂತ ಅರ್ಧ ಬೆರಳು ಉದ್ದ ಬಿಟ್ಟು ಕತ್ತರಿಸಿ, ತುದಿಗಳು ಒಂದನ್ನೊಂದು ಒತ್ತಿಕೊಳ್ಳುವಂತೆ ಮಾಡಿ.

ಅಂಟು ಎಲ್ಲದಕ್ಕೂ ಬೇಡ. ಒಳಗೆ ಲೋಹದ ಹಲ್ಲಿರುವ, ತಗಡಿನ ಅಂಚನ್ನು ತಾನೇ ಕಚ್ಚಿಕೊಳ್ಳುವ ಬಗೆಯ ರಬ್ಬರಿಗೆ ಅಂಟು ಹಾಕುವುದು ವ್ಯರ್ಥ. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಸಾಕು. ಚಪ್ಪಟೆ ಬೆನ್ನಿನ ರಬ್ಬರಿಗೆ ಮಾತ್ರ ರಬ್ಬರ್ ಅಂಟು ಬೇಕು. ಅದನ್ನೂ ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಆರಿದ ಮೇಲೆ ಒತ್ತಬೇಕು. ಹಸಿ ಇರುವಾಗ ಒತ್ತಿದರೆ ಹಿಡಿಯುವುದಿಲ್ಲ. ಹಳೆ ಅಂಟು ತೆಗೆಯಲು ಥಿನ್ನರ್ ಬಳಸಿದರೆ ಹಳೆ ಕಾರಿನ ಬಣ್ಣವೂ ಅದರೊಡನೆ ಎದ್ದುಬರುತ್ತದೆ. ಬಟ್ಟೆಗೆ ಸೀಮೆಎಣ್ಣೆ ಹಚ್ಚಿ ತಾಳ್ಮೆಯಿಂದ ಉಜ್ಜಿ, ಕೊನೆಗೆ ಸಾಬೂನು ನೀರಿನಿಂದ ಎಣ್ಣೆಯ ಪಸೆ ಹೋಗುವಂತೆ ತೊಳೆದು ಒಣಗಿಸಿ.

ಇನ್ನು ತುಕ್ಕು. ರಬ್ಬರು ಕಿತ್ತಾಗ ಕೆಳಗಿನ ಅಂಚು ಕೆಂಪಗೆ ಪುಡಿಯಾಗಿದ್ದರೆ ಅದರ ಮೇಲೆ ಹೊಸ ರಬ್ಬರು ಮುಚ್ಚಿಬಿಡುವ ಆಸೆ ಬರುತ್ತದೆ. ದಯವಿಟ್ಟು ಬೇಡ. ಬಿಳಿ ಲೋಹ ಕಾಣುವವರೆಗೆ ಉಜ್ಜಿ, ಪ್ರೈಮರ್ ಹೊಡೆದು, ಮೇಲೆ ಬಣ್ಣವನ್ನೂ ಹೊಡೆಯಬೇಕು. ರೆಡ್ ಆಕ್ಸೈಡ್ ಒಂದನ್ನೇ ಬಳಿದು ಬಿಟ್ಟರೆ ಅದು ತೇವವನ್ನು ಹೀರಿಕೊಳ್ಳುತ್ತದೆ. ಈ ಊರಿನ ಹವೆಯಲ್ಲಿ ಅದರಡಿ ಮತ್ತೆ ತುಕ್ಕು ಹತ್ತುತ್ತದೆ.

ತಪ್ಪು ಕಲ್ಪನೆ: ಒಣಗಿದ ರಬ್ಬರಿಗೆ ತೆಂಗಿನೆಣ್ಣೆ ಹಚ್ಚಿದರೆ ಜೀವ ಬರುತ್ತದೆ

ನಮ್ಮಲ್ಲಿ ತಲೆಯಿಂದ ಹಿಡಿದು ಬೀಗದವರೆಗೆ ಎಲ್ಲದಕ್ಕೂ ತೆಂಗಿನೆಣ್ಣೆಯೇ ಮದ್ದು. ರಬ್ಬರಿಗೆ ಹಚ್ಚಿದಾಗ ಎರಡು ದಿನ ಕಪ್ಪಗೆ ಹೊಳೆಯುತ್ತದೆ, ನಿಜ. ಆದರೆ ಗಟ್ಟಿಯಾದ ರಬ್ಬರು ಮತ್ತೆ ಮೆತ್ತಗಾಗುವುದಿಲ್ಲ. ವರ್ಷಗಟ್ಟಲೆ ಅದುಮಿಕೊಂಡು ಚಪ್ಪಟೆಯಾದದ್ದು ಎಣ್ಣೆಯಿಂದ ಉಬ್ಬಿ ನಿಲ್ಲುವುದೂ ಇಲ್ಲ. ನೈಸರ್ಗಿಕ ರಬ್ಬರು ಎಣ್ಣೆ ಕುಡಿದು ಊದಿಕೊಂಡು ಅಂಟಂಟಾಗುತ್ತದೆ, ಕಡಲ ತೀರದ ಮರಳು ಅದಕ್ಕೆ ಮೆತ್ತಿಕೊಂಡು ಬಾಗಿಲಿನ ಬಣ್ಣವನ್ನು ಉಪ್ಪುಕಾಗದದಂತೆ ಉಜ್ಜುತ್ತದೆ. ಎಂಜಿನ್ ಆಯಿಲ್, ಗ್ರೀಸು, ಡೀಸೆಲ್ ಇನ್ನೂ ಕೆಟ್ಟವು. ಇಪಿಡಿಎಂ ಮಳೆಬಿಸಿಲನ್ನು ತಡೆದುಕೊಂಡರೂ ಪೆಟ್ರೋಲಿಯಂ ಎಣ್ಣೆಗೆ ಮಾತ್ರ ಸೋಲುತ್ತದೆ.

ಮೆತ್ತಗಿರುವ ರಬ್ಬರನ್ನು ಹಾಗೆಯೇ ಕಾಪಾಡಲು ಸಿಲಿಕೋನ್ ಗ್ರೀಸನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಿದರೆ ಸಾಕು, ವರ್ಷಕ್ಕೆ ಎರಡು ಸಲ. ಕೂರಿಸುವಾಗ ಜಾರಲೆಂದು ಬೇಕಾದರೆ ಸಾಬೂನು ನೀರು.

ತಪ್ಪು ಕಲ್ಪನೆ: ಪ್ಯಾಡಿನ ಕ್ಲಿಪ್ಪು ಮುರಿದರೆ ಒಂದು ಸ್ಕ್ರೂ ಹೊಡೆದರಾಯಿತು

ಬಾಗಿಲಿನ ಪ್ಯಾಡನ್ನು ತಗಡಿಗೆ ಹಿಡಿದಿಡುವುದು ಅಂಚಿನ ಸುತ್ತ ಇರುವ ಸ್ಪ್ರಿಂಗು ತಂತಿಯ ಅಥವಾ ಪ್ಲಾಸ್ಟಿಕ್ಕಿನ ಕ್ಲಿಪ್ಪುಗಳು. ಅವು ತೂತಿನೊಳಗೆ ಹೋಗಿ ಅರಳಿ ನಿಲ್ಲುತ್ತವೆ. ಮುರಿಯುವುದು ಸಾಮಾನ್ಯವಾಗಿ ಬಿಚ್ಚುವವರ ಅವಸರದಿಂದ. ಪ್ಯಾಡಿನ ಅಂಚು ಹಿಡಿದು ಎಳೆದರೆ ಕ್ಲಿಪ್ಪು ತಗಡಿನಲ್ಲೇ ಉಳಿದು ನೆನೆದ ಬೋರ್ಡು ಹರಿದುಬರುತ್ತದೆ. ಅಗಲ ತುದಿಯ ಚಪ್ಪಟೆ ಪಟ್ಟಿಯೊಂದಕ್ಕೆ ಬಟ್ಟೆ ಸುತ್ತಿ, ಕ್ಲಿಪ್ಪು ಎಲ್ಲಿದೆಯೋ ಅದರ ಬುಡಕ್ಕೇ ತೂರಿಸಿ ಎಬ್ಬಿಸಬೇಕು. ಅದಕ್ಕೂ ಮೊದಲು ಗಾಜಿನ ಹ್ಯಾಂಡಲು, ಬಾಗಿಲಿನ ಹಿಡಿ ಬಿಚ್ಚಬೇಕು. ಕೆಲವು ಮಾದರಿಗಳಲ್ಲಿ ಹ್ಯಾಂಡಲಿಗೆ ಸ್ಕ್ರೂ ಇರುತ್ತದೆ. ಇನ್ನು ಕೆಲವಲ್ಲಿ ಹಿಂದಿನ ಬಿಲ್ಲೆಯನ್ನು ಒಳಕ್ಕೆ ಒತ್ತಿದಾಗ ಮಾತ್ರ ಕಾಣುವ ಸಣ್ಣ ಪಿನ್ನು ಇರುತ್ತದೆ; ಅದನ್ನು ಮೊಳೆಯಿಂದ ತಳ್ಳಿ ತೆಗೆಯಬೇಕು. ಇದು ಗೊತ್ತಿಲ್ಲದೆ ಬಲ ಹಾಕಿದರೆ ಹ್ಯಾಂಡಲೇ ಮುರಿಯುತ್ತದೆ.

ಕ್ಲಿಪ್ಪಿನ ಜಾಗದಲ್ಲಿ ಸ್ಕ್ರೂ ಹೊಡೆದಾಗ ಆಗುವುದೇನು? ಹೊಸ ತೂತಿನ ಅಂಚಿನಲ್ಲಿ ಬಣ್ಣವಿಲ್ಲದ ಬರಿಯ ಕಬ್ಬಿಣ ತೆರೆದುಕೊಳ್ಳುತ್ತದೆ. ಆ ತೂತಿನ ಹಿಂದೆ ಮಳೆನೀರು ಇಳಿಯುವ ಬಾಗಿಲಿನ ಹೊಟ್ಟೆಯೇ ಇದೆ. ಸ್ಕ್ರೂ ಉದ್ದವಾಗಿದ್ದರೆ ಗಾಜು ಇಳಿಯುವಾಗ ಅದಕ್ಕೆ ತಾಗಿ ಗೀರು ಬೀಳುತ್ತದೆ, ಕೆಲವೊಮ್ಮೆ ಗಾಜೇ ಒಡೆಯುತ್ತದೆ. ಎರಡು ಮಳೆಗಾಲದ ಮೇಲೆ ಸ್ಕ್ರೂವಿನ ಸುತ್ತ ಕೆಂಪು ಉಂಗುರ, ಮೂರನೆಯದರಲ್ಲಿ ಸ್ಕ್ರೂ ಹಿಡಿಯದಷ್ಟು ದೊಡ್ಡ ತೂತು. ಆಗ ಇನ್ನೂ ದಪ್ಪದ ಸ್ಕ್ರೂ. ಹೀಗೆ ಒಂದೊಂದೇ ಗಾತ್ರ ಏರುತ್ತಾ ಹೋದ ಬಾಗಿಲನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಒಂದು ಕ್ಲಿಪ್ಪಿನ ಬೆಲೆ ಕೆಲವೇ ರೂಪಾಯಿ. ತೂತಿನ ವ್ಯಾಸ ಅಳೆದುಕೊಂಡು ಹೋದರೆ ಬೇರೆ ಕಾರಿನ ಪ್ಲಾಸ್ಟಿಕ್ ಕ್ಲಿಪ್ಪೂ ಹೊಂದುತ್ತದೆ. ಕತ್ತಿನ ಬುಡದಲ್ಲಿ ರಬ್ಬರ್ ವಾಷರ್ ಇರುವ ಬಗೆ ಸಿಕ್ಕರೆ ಅದನ್ನೇ ಆರಿಸಿ. ತೂತಿನಿಂದ ತೇವ ಬರದಂತೆ ಅದು ತಡೆಯುತ್ತದೆ.

ಬೋರ್ಡು ಸೊಟ್ಟಗಾಗಿದ್ದರೆ ಹಳೆಯದನ್ನೇ ಅಚ್ಚಾಗಿಟ್ಟುಕೊಂಡು ಹೊಸ ಹಾರ್ಡ್‌ಬೋರ್ಡು ಕತ್ತರಿಸಬಹುದು. ಕುಶನ್ ಕೆಲಸದವರು ಅದಕ್ಕೆ ಹಳೆ ರೆಕ್ಸಿನ್ನನ್ನೇ ಮತ್ತೆ ಎಳೆದು ಕೂರಿಸಿಕೊಡುತ್ತಾರೆ. ಕೊಡುವ ಮೊದಲು ಬೋರ್ಡಿನ ಹಿಂಬದಿಗೂ ನಾಲ್ಕು ಅಂಚಿಗೂ ವಾರ್ನಿಷ್ ಎರಡು ಸಲ ಬಳಿಯಿರಿ. ಪ್ಯಾಡು ಕೂರಿಸುವ ಮೊದಲು ಆ ಪ್ಲಾಸ್ಟಿಕ್ ಹಾಳೆಯನ್ನು ಮರೆಯಬೇಡಿ. ದಪ್ಪ ಪಾಲಿಥೀನ್ ಸಾಕು, ಕೆಳಗಿನ ಅಂಚು ಒಳಕ್ಕೆ ಹೋಗಿರಲಿ.

ತಪ್ಪು ಕಲ್ಪನೆ: ಸ್ಟೇನ್‌ಲೆಸ್ ಸ್ಟೀಲ್ ಹಾಕಿದರೆ ತುಕ್ಕಿನ ಚಿಂತೆ ಮುಗಿಯಿತು

ಹೊರಗಿನ ಕ್ರೋಮ್ ಪಟ್ಟಿ, ಮೆಟ್ಟಿಲಂಚಿನ ಪಟ್ಟಿ ಹಿಡಿಯುವ ಕಡೆ ಸ್ಕ್ರೂಗಳೇ ಇರುತ್ತವೆ, ಅಲ್ಲಿ ಈ ನಂಬಿಕೆ ಬಲವಾಗಿದೆ. ಸ್ಕ್ರೂ ಹೊಳೆಯುತ್ತಲೇ ಇರುತ್ತದೆ, ಸರಿ. ಅದು ಹೊಕ್ಕ ತಗಡಿನ ಗತಿ ಏನು? ಎರಡು ಬೇರೆ ಬೇರೆ ಲೋಹಗಳು ಉಪ್ಪು ನೀರಿನಲ್ಲಿ ತಾಗಿಕೊಂಡರೆ ಅದು ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಅವುಗಳಲ್ಲಿ ದುರ್ಬಲವಾದದ್ದು ಕರಗುತ್ತದೆ. ಕಾರಿನಲ್ಲಿ ದುರ್ಬಲವಾದದ್ದು ತಗಡು. ತಗಡಿಗೆ ಎಲ್ಲ ಕಡೆ ಬಣ್ಣವಿದ್ದು ಸ್ಕ್ರೂ ಸುತ್ತಲಿನ ಗೀರು ಮಾತ್ರ ತೆರೆದಿದ್ದರೆ ಸವೆತವೆಲ್ಲ ಆ ಒಂದೇ ಗೀರಿನ ಮೇಲೆ ಬೀಳುತ್ತದೆ. ಅಲ್ಯುಮಿನಿಯಂ ಪಟ್ಟಿಗೂ ಇದೇ ಪಾಡು, ಬಿಳಿ ಪುಡಿ ಏಳುತ್ತದೆ. ದೋಣಿಗಳ ಪ್ರೊಪೆಲ್ಲರಿನ ಹತ್ತಿರ ಸತುವಿನ ಗಟ್ಟಿ ಕಟ್ಟುವುದು ಇದೇ ಕಾರಣಕ್ಕೆ: ಸತುವು ತಾನು ಕರಗಿ ಉಳಿದದ್ದನ್ನು ಉಳಿಸುತ್ತದೆ.

ಉಪ್ಪು ನೀರು ಕಾರಿನ ಬಾಗಿಲಿಗೆ ಎಲ್ಲಿಂದ ಬಂತು ಎನ್ನಬಹುದು. ಸಾಣಿಕಟ್ಟಾದ ಉಪ್ಪಿನ ಆಗರಗಳು ತದಡಿಯ ನೆರೆಯಲ್ಲೇ ಇವೆ. ಮನೆಯ ಮರಿಗೆಯಲ್ಲಿಟ್ಟ ಹರಳುಪ್ಪು ಜೂನಿನಲ್ಲಿ ನೀರೊಡೆಯುವುದನ್ನು ಇಲ್ಲಿ ಎಲ್ಲರೂ ನೋಡಿದ್ದಾರೆ. ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದರೆ ಅಡುಗೆಯುಪ್ಪು ಗಾಳಿಯಿಂದಲೇ ನೀರು ಎಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿರುವ ಮೆಗ್ನೀಷಿಯಂ ಕ್ಲೋರೈಡಿಗೆ ಶೇಕಡಾ 33ರಷ್ಟು ತೇವವೇ ಸಾಕು. ಆದ್ದರಿಂದ ಕಡಲಗಾಳಿ ತಂದ ಉಪ್ಪು ಬಾಗಿಲಿನ ಸಂದಿಯಲ್ಲಿ ಕುಳಿತರೆ, ಮಳೆ ಇಲ್ಲದ ದಿನವೂ ಅದು ಒದ್ದೆಯಾಗಿಯೇ ಇರುತ್ತದೆ. ಒಳನಾಡಿನ ಅಂಬಾಸಡರು ಮಳೆ ನಿಂತ ಮೇಲೆ ಒಣಗುತ್ತದೆ, ನಮ್ಮದು ಒಣಗುವುದಿಲ್ಲ.

ಸ್ಟೇನ್‌ಲೆಸ್ ಹಾಕಲೇಬೇಡಿ ಎನ್ನುತ್ತಿಲ್ಲ. ಹಾಕುವುದಾದರೆ 304ಕ್ಕಿಂತ 316 ದರ್ಜೆಯದ್ದು ಉಪ್ಪಿಗೆ ಮೇಲು, ಅದರಲ್ಲಿ ಮಾಲಿಬ್ಡಿನಂ ಸೇರಿರುತ್ತದೆ. ತೂತಿನ ಅಂಚಿಗೆ ಕಡ್ಡಿಯ ತುದಿಯಿಂದ ಪ್ರೈಮರ್, ಬಣ್ಣ ಮುಟ್ಟಿಸಿ ಒಣಗಿಸಿ. ಸ್ಕ್ರೂ ತಲೆಯಡಿ ನೈಲಾನ್ ವಾಷರ್ ಇಡಿ. ಎಳೆಗಳಿಗೆ ಗ್ರೀಸು ಹಚ್ಚಿ, ರಬ್ಬರಿಗೆ ತಾಗದಷ್ಟು ಮಾತ್ರ. ಎರಡು ಲೋಹಗಳ ನಡುವೆ ನೀರು ಸೇರದಂತೆ ಮಾಡುವುದೇ ಇಲ್ಲಿ ಮುಖ್ಯ.

ತಪ್ಪು ಕಲ್ಪನೆ: ಮಳೆಯೇ ಕಾರು ತೊಳೆಯುತ್ತದೆ, ಇಲ್ಲವಾದರೆ ತಾಡಪತ್ರಿ ಹೊದಿಸಿ ಕಟ್ಟಿಟ್ಟರಾಯಿತು

ಕುಮಟಾ, ಹೊನ್ನಾವರದ ಕಡೆ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಅಷ್ಟು ನೀರು ಚಾವಣಿ, ಬಾನೆಟ್ ತೊಳೆಯುತ್ತದೆ, ಒಪ್ಪಿದೆ. ಆದರೆ ರಬ್ಬರಿನ ಹಿಂದಿನ ಸಂದಿ, ಬಾಗಿಲಿನ ತಳದ ಮಡಿಕೆ, ಮೆಟ್ಟಿಲಂಚಿನ ಕೆಳಭಾಗ ಇವುಗಳಿಗೆ ಮಳೆ ಉಪ್ಪನ್ನು ತಂದು ಸೇರಿಸುತ್ತದೆಯೇ ಹೊರತು ಅಲ್ಲಿಂದ ತೆಗೆಯುವುದಿಲ್ಲ. ಆ ಜಾಗಗಳಿಗೆ ವಾರಕ್ಕೊಮ್ಮೆ ಬಾವಿಯ ಸಿಹಿನೀರು ಬೀಳಬೇಕು. ಧಕ್ಕೆಯಿಂದ ಮೀನು ತಂದ ದಿನವಂತೂ ಡಿಕ್ಕಿಯ ರಬ್ಬರನ್ನೂ ಅದರ ಕಾಲುವೆಯನ್ನೂ ಅಂದೇ ತೊಳೆಯಬೇಕು. ಮಂಜುಗಡ್ಡೆ ಕರಗಿ ಸೋರುವ ಮೀನಿನ ನೀರಿನಷ್ಟು ಬೇಗ ತಗಡು ತಿನ್ನುವುದು ಬೇರೊಂದನ್ನು ನಾನು ಕಂಡಿಲ್ಲ.

ತಾಡಪತ್ರಿ ನೀರನ್ನು ತಡೆಯುತ್ತದೆ, ಆವಿಯನ್ನೂ ತಡೆದಿಡುತ್ತದೆ. ನಾಲ್ಕು ತಿಂಗಳು ಅದರಡಿ ಇದ್ದ ಕಾರಿನ ಸೀಟಿಗೆ ಬೂಸಲು, ರಬ್ಬರಿಗೆ ಬಿಳಿ ಪೊರೆ. ಮನೆಯ ಜಗಲಿಗೆ ಮಳೆಗಾಲದಲ್ಲಿ ಮಡಲಿನ ತಟ್ಟಿ ಕಟ್ಟುವಂತೆ, ಮಾಡಿನಡಿ ನಿಲ್ಲಿಸಿ ಪಡುವಣ ಬದಿಗೆ ಮಾತ್ರ ತಟ್ಟಿ ಕಟ್ಟಿದರೆ ಎರಚಲು ತಪ್ಪುತ್ತದೆ, ಗಾಳಿಯೂ ಆಡುತ್ತದೆ. ಬಿಸಿಲು ಬಿದ್ದ ದಿನ ನಾಲ್ಕೂ ಬಾಗಿಲು ತೆರೆದಿಡಿ. ರಬ್ಬರಿಗೂ ಒತ್ತಡದಿಂದ ಬಿಡುವು ಸಿಗುತ್ತದೆ.

ತಪ್ಪು ಕಲ್ಪನೆ: ಮಳೆ ಬರಲಿ, ಸೋರಿದರೆ ಆಗ ನೋಡೋಣ

ನಮ್ಮ ಕರಾವಳಿಯಲ್ಲಿ ಯಂತ್ರದ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ. ದೋಣಿಯವರು ಆಗ ದೋಣಿ ದಡಕ್ಕೆ ಎಳೆದು ರಿಪೇರಿಗೆ ಕೂರುತ್ತಾರೆ. ಅದನ್ನು ನೋಡಿ ಕಾರಿನ ಕೆಲಸವನ್ನೂ ಆಗಲೇ ಹಿಡಿಯುವವರಿದ್ದಾರೆ. ರಬ್ಬರ್ ಅಂಟಿಗೆ ಅದು ಸಲ್ಲದ ಕಾಲ. ಅಂಟಿನ ದ್ರಾವಕ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಮಂಜಿನಂತೆ ಕೂರುತ್ತದೆ, ಹಿಡಿತ ಕಡಿಮೆಯಾಗುತ್ತದೆ. ತುಕ್ಕು ಉಜ್ಜಿದ ತಗಡು ಪ್ರೈಮರ್ ಹೊಡೆಯುವಷ್ಟರಲ್ಲಿ ಮತ್ತೆ ಕೆಂಪೇರುತ್ತದೆ.

ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗಿನ ಬಿಸಿಲೇ ಇದಕ್ಕೆ ಸರಿ. ಒಂದು ಬಾಗಿಲಿಗೆ ಎರಡು ದಿನ ಇಟ್ಟುಕೊಳ್ಳಿ: ಮೊದಲ ದಿನ ಬಿಚ್ಚುವುದು, ಕಂಡಿ ತೊಳೆಯುವುದು, ತುಕ್ಕು ಉಜ್ಜಿ ಬಣ್ಣ ಕೊಡುವುದು, ಮರುದಿನ ಹಾಳೆ, ಕ್ಲಿಪ್ಪು, ಪ್ಯಾಡು, ಕೊನೆಗೆ ರಬ್ಬರು. ಅಂಟು ಹಾಕಿದ ರಾತ್ರಿ ಬಾಗಿಲನ್ನು ಲಾಕಿನ ಮೊದಲ ಹಲ್ಲಿಗೆ ಮಾತ್ರ ಮುಚ್ಚಿ ಬಿಡಿ. ನಾಲ್ಕು ಬಾಗಿಲಿಗೆ ಎಂಟು ದಿನ. ನಾನು ಈ ವರ್ಷ ಹಿಂದಿನ ಎಡಬಾಗಿಲಿನಿಂದ ಶುರು ಮಾಡಿದೆ, ಅದರ ಬುಡವೇ ಎಲ್ಲಕ್ಕಿಂತ ತೆಳ್ಳಗಾಗಿತ್ತು. ಮೇ ಇಪ್ಪತ್ತರ ಹೊತ್ತಿಗೆ ನಾಲ್ಕೂ ಮುಗಿದು, ಗಾಜಿನ ಬುಡಕ್ಕೆ ಹೊಯ್ದ ತಂಬಿಗೆ ನೀರು ಒಂದೊಂದು ಬಾಗಿಲಿನ ಅಡಿಯಿಂದಲೂ ಅಂಗಳದ ಮಣ್ಣಿಗೆ ಹನಿಯಿತು.